ದಾರಿಯಲ್ಲಿ ಕೆಟ್ಟು ನಿಂತ ಸೈಕಲ್: ಹಾದುಹೋಗುವ ಸವಾರ ಮಾಡಬೇಕಾದದ್ದು

ಒಂದು ಭಾನುವಾರ ಬೆಳಗಿನ ಆರೂವರೆಗೆ ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆಗೆ ಹೋಗುತ್ತಿದ್ದಾಗ ನನ್ನ ಹಿಂದಿನ ಚಕ್ರದ ಗಾಳಿ ಇಳಿಯಿತು. ಟ್ಯೂಬ್ ಬದಲಿಸಿದೆ. ಗಾಳಿ ಹೊಡೆಯಲು ಹೋದರೆ ಪಂಪಿನ ಬಾಯಿ ಒಡೆದಿತ್ತು. ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಹತ್ತಾರು ಸವಾರರು ಹಾದುಹೋದರು. ಬಹುಪಾಲು ಜನ ವೇಗ ಇಳಿಸದೆಯೇ "ಎಲ್ಲ ಸರಿ ಇದೆಯಾ?" ಎಂದು ಕೂಗಿದರು. ನಾನು ಪ್ರತಿ ಸಲವೂ ಹೆಬ್ಬೆರಳು ಎತ್ತಿ ತೋರಿಸಿದೆ. ಯಾರದೋ ಓಟವನ್ನು ತಡೆಯಲು ಸಂಕೋಚ.

ಕೊನೆಗೆ ನಿಂತವರು, ಕ್ಯಾರಿಯರಿಗೆ ಖಾಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಯಿಂದ ಮರಳುತ್ತಿದ್ದ ಹಿರಿಯರೊಬ್ಬರು. ಸೈಕಲ್ಲಿನಿಂದ ಇಳಿದು, ಸ್ಟ್ಯಾಂಡ್ ಹಾಕಿ, ಆಮೇಲೆ "ಏನಾಯಿತಪ್ಪಾ?" ಎಂದರು. ಅವರ ಬಳಿ ಪಂಪು ಇತ್ತು, ಆದರೆ ನನ್ನ ಸೈಕಲ್ಲಿನ ತೆಳು ವಾಲ್ವಿಗೆ ಅದು ಕೂರಲಿಲ್ಲ. ಹಾಗೆಂದು ಅವರು ಹೊರಟುಹೋಗಲಿಲ್ಲ. ಮುಂದೆ ಬಂದ ಸವಾರನಿಗೆ ಕೈ ಬೀಸಿ ನಿಲ್ಲಿಸಿ, "ಇವರಿಗೆ ಗಾಳಿ ಪಂಪು ಬೇಕಂತೆ" ಎಂದು ಹೇಳಿದರು. ನಾನು ಬಾಯಿಬಿಟ್ಟು ಕೇಳಲಾರದ್ದನ್ನು ಅವರು ನನ್ನ ಪರವಾಗಿ ಕೇಳಿದರು. ಐದು ನಿಮಿಷದಲ್ಲಿ ನಾನು ಮತ್ತೆ ಸೈಕಲ್ ಮೇಲಿದ್ದೆ.

ಈ ಬರಹದಲ್ಲಿ ಸ್ಪ್ಯಾನರು, ಪಂಪು, ಪ್ಯಾಚುಗಳ ಮಾತು ಬಹಳ ಬರುತ್ತದೆ. ಅದಕ್ಕೂ ಮೊದಲಿನ ಕೆಲಸ ನಿಲ್ಲುವುದು ಮತ್ತು ಸರಿಯಾಗಿ ಕೇಳುವುದು. ರಿಪೇರಿ ಬಾರದವರೂ ಇಷ್ಟನ್ನು ಮಾಡಬಲ್ಲರು.

ಮನೆಯಲ್ಲೇ ಆಗಬೇಕಾದ ತಯಾರಿ

ನಮ್ಮ ಸೈಕಲ್ಲಿಗೆ ಬೇಕಾದ ಸಾಮಾನು ನಮ್ಮ ಬಳಿ ಇರಲೇಬೇಕು. ಇನ್ನೊಬ್ಬರಿಗೆ ಒದಗಬೇಕೆಂದರೆ ಅದರ ಜೊತೆಗೆ ಕೆಲವು ಸಣ್ಣ ವಸ್ತುಗಳನ್ನು ಸೇರಿಸಿದರೆ ಸಾಕು. ಎಲ್ಲವೂ ಸೇರಿ ಒಂದು ಸಣ್ಣ ಚೀಲದಲ್ಲಿ ಹಿಡಿಯುತ್ತದೆ.

ಮೊದಲನೆಯದು ಹಿತ್ತಾಳೆಯ ವಾಲ್ವ್ ಅಡಾಪ್ಟರ್. ನಮ್ಮ ರಸ್ತೆಗಳಲ್ಲಿ ಮೂರು ಬಗೆಯ ವಾಲ್ವುಗಳಿವೆ. ರೋಡ್ ಬೈಕುಗಳಲ್ಲಿ ಇರುವ, ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ ಗಾಳಿ ಹೊಡೆಯುವ ತೆಳುವಾದದ್ದು ಪ್ರೆಸ್ಟಾ. ಮೋಟಾರ್ ಬೈಕು, ಕಾರುಗಳಿಗೂ ಹಲವು ಗೇರ್ ಸೈಕಲ್ಲುಗಳಿಗೂ ಇರುವ ದಪ್ಪನೆಯದು ಶ್ರೇಡರ್. ಊರಿನ ಸಾಮಾನ್ಯ ಸೈಕಲ್ಲುಗಳದು ಡನ್‌ಲಪ್ ವಾಲ್ವ್. ಪ್ರೆಸ್ಟಾಕ್ಕೆ ಆ ಅಡಾಪ್ಟರನ್ನು ತಿರುಗಿಸಿ ಕೂರಿಸಿದರೆ ಪೆಟ್ರೋಲ್ ಬಂಕಿನ ಗಾಳಿಯೂ, ಪಂಕ್ಚರ್ ಅಂಗಡಿಯ ಗಾಳಿಯೂ ಹಿಡಿಯುತ್ತದೆ. ನಾನು ಎರಡು ಇಟ್ಟುಕೊಳ್ಳುತ್ತೇನೆ, ಒಂದು ಕೊಟ್ಟುಬಿಡುವುದಕ್ಕೆ.

ಬದಲಿ ಟ್ಯೂಬ್ ಎರಡಿರಲಿ. ಪ್ಯಾಚ್ ಮತ್ತು ಸಲ್ಯೂಷನ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಮೂರು ಲಿವರ್, 4, 5, 6 ಮಿಲಿಮೀಟರಿನ ಅಲೆನ್ ಕೀಗಳು, ಟಿ25 ನಕ್ಷತ್ರ ಕೀ, ಚೈನ್ ಕಳಚುವ ಉಪಕರಣ, ಹಳೆಯ ಟೈರಿನಿಂದ ಕತ್ತರಿಸಿದ ಎರಡು ಬೆರಳಗಲದ ತುಂಡು, ನಾಲ್ಕಾರು ಪ್ಲಾಸ್ಟಿಕ್ ಟ್ಯಾಗು, ಒಂದು ಜೊತೆ ರಬ್ಬರ್ ಕೈಗವಸು. ತುಂಡಾದ ಚೈನನ್ನು ಮತ್ತೆ ಜೋಡಿಸುವ ಕೊಂಡಿ, ಅಂದರೆ ಕ್ವಿಕ್ ಲಿಂಕ್, ಹಿಂದಿನ ಗೇರುಗಳ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆ ಇರುತ್ತದೆ. 9, 10, 11ರದ್ದು ಒಂದೊಂದು ಇಟ್ಟುಕೊಂಡರೆ ಹೆಚ್ಚಿನವರಿಗೆ ಒದಗುತ್ತದೆ. 12 ಗೇರಿನವರೂ ಈಗ ಕಡಿಮೆಯಿಲ್ಲ. ಎರಡು ಪೊಟ್ಟಣ ಒಆರ್‌ಎಸ್, ಒಂದಿಷ್ಟು ಕಡಲೆ ಚಿಕ್ಕಿ, ನೂರು ರೂಪಾಯಿಯ ಎರಡು ನೋಟು. ಹಳ್ಳಿಯ ಅಂಗಡಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ದಿನ ನೋಟೇ ಗತಿ.

ಕೇಳುವ ಬಗೆ

ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತಾ "ಓಕೆನಾ?" ಎಂದರೆ ಸಿಗುವ ಉತ್ತರ "ಓಕೆ" ಒಂದೇ. ಅದು ಉತ್ತರವಲ್ಲ, ಪ್ರತಿಕ್ರಿಯೆ. ಆದ್ದರಿಂದ ಮೊದಲು ವೇಗ ಇಳಿಸಿ. ಹಿಂದೆ ಬರುವವರಿಗೆ ಕೈಸನ್ನೆ ಮಾಡಿ, ಎಡಕ್ಕೆ ಸರಿದು, ನಿಂತವರನ್ನು ದಾಟಿ ನಾಲ್ಕೈದು ಮೀಟರ್ ಮುಂದೆ ಕಾಲೂರಿ. ಆಮೇಲೆ ನಿರ್ದಿಷ್ಟವಾಗಿ ಕೇಳಿ: "ಪಂಪು ಇದೆಯಾ ಸರ್? ಟ್ಯೂಬ್ ಬೇಕಾ?" "ನೀರಿದೆಯಾ ಅಕ್ಕ?" ಇಂಥ ವಸ್ತು ಬೇಕೇ ಎಂದು ಕೇಳಿದಾಗ ಸಂಕೋಚದವರೂ ನಿಜ ಹೇಳುತ್ತಾರೆ. ಇದು ನನ್ನ ಅನುಭವದಲ್ಲಿ ಒಮ್ಮೆಯೂ ತಪ್ಪಿಲ್ಲ.

ಬೇಡ ಎಂದರೆ ಬೇಡ. ಇನ್ನೊಮ್ಮೆ ಕೇಳಿ ಒತ್ತಾಯಿಸಬಾರದು. ಒಬ್ಬಳೇ ಹೆಣ್ಣುಮಗಳು ನಿಂತಿದ್ದು ನೀವು ಗಂಡಸರಾಗಿದ್ದರೆ, ಅದರಲ್ಲೂ ಗುಂಪಾಗಿದ್ದರೆ, ಇನ್ನೂ ಜಾಗ್ರತೆ ಬೇಕು. ಐದು ಜನ ಸುತ್ತುವರಿದರೆ ಅದು ನೆರವಿನಂತೆ ಕಾಣುವುದಿಲ್ಲ. ಒಬ್ಬರೇ ನಿಂತು ದೂರದಿಂದ ಮಾತನಾಡಿ, ಉಳಿದವರು ಐವತ್ತು ಮೀಟರ್ ಮುಂದೆ ಕಾಯಲಿ. ಊರು, ಮನೆ, ದೂರವಾಣಿ ಸಂಖ್ಯೆ ವಿಚಾರಿಸುವ ಅಗತ್ಯವಿಲ್ಲ. ಬೇಕಾದದ್ದನ್ನು ಕೈಗೆ ಕೊಟ್ಟು, ಕೆಲಸ ಮುಗಿಯುವವರೆಗೆ ಅಲ್ಲೇ ಇರಬೇಕೇ ಹೊರಡಬೇಕೇ ಎಂದು ಅವರನ್ನೇ ಕೇಳಿ.

ಸೈಕಲ್ಲಿಗೆ ಕೈ ಹಾಕುವ ಮೊದಲೂ ಅಪ್ಪಣೆ ಬೇಕು. "ನೀವು ಮಾಡುತ್ತೀರಾ, ನಾನು ಮಾಡಲೇ?" ಎಂಬ ಒಂದು ಮಾತು ಸಾಕು. ಎಷ್ಟೋ ಜನ ನಿಧಾನವಾಗಿಯಾದರೂ ತಾವೇ ಮಾಡಲು ಬಯಸುತ್ತಾರೆ. ಅಂಥವರ ಕೈಯಿಂದ ಲಿವರು ಕಿತ್ತುಕೊಳ್ಳುವುದು ಉಪಕಾರವಲ್ಲ.

ಜಾಗ ಬದಲಿಸಿ

ರಾಷ್ಟ್ರೀಯ ಹೆದ್ದಾರಿ 44ರ ಅಂಚಿನ ಬಿಳಿ ಗೆರೆಯ ಪಕ್ಕದಲ್ಲೇ ಕುಳಿತು ಪಂಕ್ಚರ್ ಹಾಕುವವರನ್ನು ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಒಂದು ಲಾರಿ ಎರಡು ಅಡಿ ಎಡಕ್ಕೆ ಬಂದರೆ ಮುಗಿಯಿತು. ತಿರುವಿನಲ್ಲಿ, ಸೇತುವೆಯ ಮೇಲೆ, ಇಳಿಜಾರಿನ ಬುಡದಲ್ಲಿ ನಿಂತಿದ್ದರೆ ಮೊದಲು ಅಲ್ಲಿಂದ ಸರಿಯಿರಿ. ರಿಮ್ ಹಾಳಾಗುತ್ತದೆಂಬ ಭಯದಿಂದ ಅಲ್ಲೇ ಉಳಿಯಬೇಡಿ. ಸೈಕಲ್ಲನ್ನು ಹೆಗಲಿಗೆ ಏರಿಸಿದರೆ ರಿಮ್ಮಿಗೇನೂ ಆಗುವುದಿಲ್ಲ. ಸರ್ವಿಸ್ ರಸ್ತೆ, ಬಸ್ ತಂಗುದಾಣ, ಅಂಗಡಿಯ ಜಗುಲಿ, ಹೊಲದ ಬದು, ಯಾವುದಾದರೂ ಆದೀತು.

ನಿಮ್ಮ ಸೈಕಲ್ಲನ್ನು ವಾಹನಗಳು ಬರುವ ದಿಕ್ಕಿಗೆ, ಅಂದರೆ ಕೆಟ್ಟು ನಿಂತವರ ಹಿಂದೆ, ಇಪ್ಪತ್ತು ಮೀಟರ್ ದೂರದಲ್ಲಿ ರಸ್ತೆಯಿಂದ ಹೊರಗೆ ನಿಲ್ಲಿಸಿ, ಕೆಂಪು ದೀಪ ಮಿನುಗುತ್ತಿರಲಿ. ಬೆಳಕು ಹರಿಯುವ ಮುನ್ನ ಆ ದೀಪವೇ ನಿಮ್ಮಿಬ್ಬರ ಕಾವಲು. ಕೆಲಸ ಮಾಡುವವರು ರಸ್ತೆಗೆ ಬೆನ್ನು ತಿರುಗಿಸಬೇಕಾಗಿ ಬಂದರೆ ಇನ್ನೊಬ್ಬರು ರಸ್ತೆಯ ಮೇಲೆ ಕಣ್ಣಿಟ್ಟಿರಲಿ.

ಸೈಕಲ್ಲಿಗಿಂತ ಮೊದಲು ಸವಾರ

ಬಿದ್ದವರು ಎದ್ದ ಕೂಡಲೇ ನೋಡುವುದು ಸೈಕಲ್ಲನ್ನು. ಗೇರು ಬಾಗಿತೇ, ಬಣ್ಣ ಕೆರೆಯಿತೇ ಎಂದು. ನೀವು ಅವರನ್ನು ನೋಡಿ. ಕೂರಿಸಿ, ನೀರು ಕೊಡಿ, ಎರಡು ಮಾತು ಆಡಿಸಿ. ಎಲ್ಲಿಂದ ಹೊರಟಿರಿ, ಹೇಗೆ ಬಿದ್ದಿರಿ? ಒಂದೇ ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಕೇಳಿದರೆ, ವಾಂತಿಯಾದರೆ, ಮಂಪರು ಕವಿದರೆ, ಬಿದ್ದದ್ದೇ ನೆನಪಿಲ್ಲದಿದ್ದರೆ ತಲೆಗೆ ಪೆಟ್ಟಾಗಿದೆ ಎಂದೇ ತಿಳಿಯಬೇಕು. "ನಾನು ಹೋಗಬಲ್ಲೆ" ಎಂದು ಅವರು ಎಷ್ಟೇ ಹೇಳಿದರೂ ಸೈಕಲ್ ಹತ್ತಲು ಬಿಡಬೇಡಿ. ತಲೆಯ ಪೆಟ್ಟು ಕೆಲವೊಮ್ಮೆ ಗಂಟೆ ಕಳೆದ ಮೇಲೆ ತನ್ನ ಗುಣ ತೋರಿಸುತ್ತದೆ. ಬೇರೆ ವಿಷಯದಲ್ಲಿ ಸವಾರರ ಮಾತೇ ಕೊನೆ, ಇದೊಂದರಲ್ಲಿ ಅಲ್ಲ.

ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ಅಲುಗಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ಕೈ ಚಾಚಿ ಬಿದ್ದವರ ಕೊರಳೆಲುಬು ಮುರಿಯುವುದು ಸೈಕಲ್ ಸವಾರಿಯಲ್ಲಿ ಸಾಮಾನ್ಯ. ತೋಳನ್ನು ಎದೆಗೆ ಒರಗಿಸಿ, ಖಾಲಿ ಟ್ಯೂಬನ್ನೇ ಕುತ್ತಿಗೆಯಿಂದ ಇಳಿಬಿಟ್ಟು ಜೋಲಿಯಂತೆ ಕಟ್ಟಬಹುದು.

ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಕರೆ ಮಾಡುವ ಮೊದಲು ಹತ್ತಿರದ ಕಿಲೋಮೀಟರ್ ಕಲ್ಲನ್ನು ನೋಡಿ. ತಲೆ ಹಳದಿ ಬಣ್ಣದ್ದಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಕಲ್ಲಿನ ಸಂಖ್ಯೆ, ಮುಂದಿನ ಊರಿನ ಹೆಸರು, ರಸ್ತೆಯ ಯಾವ ಬದಿ, ಈ ಮೂರನ್ನು ಹೇಳಿದರೆ ಆಂಬುಲೆನ್ಸಿನವರು ಹುಡುಕಾಡಬೇಕಾಗುವುದಿಲ್ಲ.

ಪೊಲೀಸರ ಗೋಜು ಬೇಡವೆಂದು ದೂರ ಸರಿಯುವವರು ಇನ್ನೂ ಇದ್ದಾರೆ. ಆ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಮೋಟಾರು ವಾಹನ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ. ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಕರ್ನಾಟಕ ಈ ವಿಷಯಕ್ಕೆ ತನ್ನದೇ ಕಾಯ್ದೆಯನ್ನೂ ಮಾಡಿಕೊಂಡಿದೆ. ಆಸ್ಪತ್ರೆಗೆ ಮುಟ್ಟಿಸಿ ಹೊರಡುವ ಹಕ್ಕು ನಿಮ್ಮದು.

ಬೀಳದೆಯೂ ಕುಸಿದವರು ಇರುತ್ತಾರೆ. ಬರಿ ಹೊಟ್ಟೆಯಲ್ಲಿ ಎಂಬತ್ತು ಕಿಲೋಮೀಟರ್ ತುಳಿದು, ಕೈ ನಡುಗುತ್ತಾ, ಮಾತು ಬೇಡವೆಂಬಂತೆ ಕುಳಿತವರಿಗೆ ಬೇಕಾದದ್ದು ಸಕ್ಕರೆ. ಚಿಕ್ಕಿ, ಬಾಳೆಹಣ್ಣು, ಸಿಹಿ ಜಾಸ್ತಿ ಹಾಕಿಸಿದ ಚಹಾ, ಯಾವುದಾದರೂ ಸರಿ, ಕಾಲು ಗಂಟೆಯಲ್ಲಿ ಮುಖ ಗೆಲುವಾಗುತ್ತದೆ. ಬಿಸಿಲಿಗೆ ಬಳಲಿದವರನ್ನು ನೆರಳಿಗೆ ಕರೆತಂದು, ಒಆರ್‌ಎಸ್ಸನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಬೆರೆಸಿ ಕೊಡಿ. ಮಾತು ತೊದಲಿ, ಗೊಂದಲಗೊಂಡು, ಮೈ ಸುಡುತ್ತಿದ್ದರೆ ಅದು ಬಳಲಿಕೆಯಲ್ಲ, ಸೂರ್ಯಾಘಾತ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ಪಂಕ್ಚರ್

ದಾರಿಯಲ್ಲಿ ನಿಂತವರಲ್ಲಿ ಹೆಚ್ಚಿನವರ ಕಷ್ಟ ಇದೇ. ಇಲ್ಲಿ ಅವಸರ ಮಾಡಿದವರು ಎರಡು ಸಲ ನಿಲ್ಲುತ್ತಾರೆ.

ಹಿಂದಿನ ಚಕ್ರವಾದರೆ ಗೇರನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ ಆಮೇಲೆ ಕಳಚಿ. ರಿಮ್ ಬ್ರೇಕ್ ಇದ್ದರೆ ಅದನ್ನು ಸಡಿಲಿಸಿ. ಡಿಸ್ಕ್ ಬ್ರೇಕಾದರೆ ಚಕ್ರ ಹೊರಗಿರುವಾಗ ಬ್ರೇಕ್ ಹಿಡಿಕೆಯನ್ನು ಯಾರೂ ಒತ್ತಬಾರದು. ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ಸೈಕಲ್ಲನ್ನು ತಲೆಕೆಳಗು ಮಾಡುವ ಬದಲು ಒಬ್ಬರು ಎತ್ತಿ ಹಿಡಿದರೆ ಕೆಲಸ ಸಲೀಸು. ರಿಪೇರಿ ಗೊತ್ತಿಲ್ಲದ ನೆರವುಗಾರನಿಗೆ ಇದೇ ಒಳ್ಳೆಯ ಕೆಲಸ.

ಉಳಿದ ಗಾಳಿಯನ್ನೆಲ್ಲ ಬಿಡಿ. ಟೈರಿನ ಅಂಚನ್ನು ಸುತ್ತಲೂ ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರೆ ಲಿವರು ಸುಲಭವಾಗಿ ಹೋಗುತ್ತದೆ. ಒಂದು ಬದಿಯನ್ನು ಮಾತ್ರ ಬಿಡಿಸಿ ಟ್ಯೂಬನ್ನು ಎಳೆಯಿರಿ. ಈಗ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ. ಇಲ್ಲಿ ತಾಳ್ಮೆ ಬೇಕು, ತೂತಿನ ಜಾಗವೇ ಕಾರಣ ಹೇಳುತ್ತದೆ. ಹೊರಮೈಯಲ್ಲಿದ್ದರೆ ಮುಳ್ಳು, ಗಾಜು ಅಥವಾ ತಂತಿ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದು ರಿಮ್ಮಿಗೆ ಸಿಕ್ಕಿ ಹರಿದದ್ದು. ಒಳಮೈಯಲ್ಲಿದ್ದರೆ ರಿಮ್ಮಿನ ಪಟ್ಟಿ ಸರಿದಿದೆ.

ಹೆದ್ದಾರಿಯ ಅಂಚಿನಲ್ಲಿ ನಮ್ಮ ದೊಡ್ಡ ಶತ್ರು ಲಾರಿಗಳ ಸಿಡಿದ ರೇಡಿಯಲ್ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಒಮ್ಮೊಮ್ಮೆ ಸಿಗುವುದಿಲ್ಲ. ಟ್ಯೂಬಿನ ತೂತನ್ನು ಟೈರಿನ ಜಾಗಕ್ಕೆ ಹೊಂದಿಸಿ, ಅಲ್ಲಿ ಟೈರನ್ನು ಒಳಹೊರಗು ಮಡಿಸಿ, ಕರವಸ್ತ್ರವನ್ನು ನಿಧಾನವಾಗಿ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ತಂತಿ ಇದೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿನಲ್ಲಿ ಮತ್ತೆ ಅದೇ ಕಥೆ, ಈ ಸಲ ನಿಮ್ಮ ಟ್ಯೂಬಿಗೆ. ಟೈರೇ ಸೀಳಿದ್ದರೆ ಹಳೆಯ ಟೈರಿನ ತುಂಡನ್ನು ಒಳಗಿನಿಂದ ಇಟ್ಟು ಟ್ಯೂಬ್ ಕೂರಿಸಿ. ತುಂಡಿಲ್ಲದಿದ್ದರೆ ಹಾಲಿನ ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಇಡಬಹುದು.

ನಿಮ್ಮ ಟ್ಯೂಬ್ ಅವರಿಗೆ ಆಗುತ್ತದೆಯೇ? ಟೈರಿನ ಅಳತೆಗಳಲ್ಲಿ 700ಸಿ ಮತ್ತು 29 ಇಂಚು ಎರಡೂ 622 ಮಿಲಿಮೀಟರಿನ ರಿಮ್ಮುಗಳೇ. ಅಗಲ ಹೊಂದಿದರೆ ಒಂದರದ್ದು ಇನ್ನೊಂದಕ್ಕೆ ನಡೆಯುತ್ತದೆ. 27.5 ಇಂಚಿಗೆ 26ರ ಟ್ಯೂಬನ್ನು ಹಿಗ್ಗಿಸಿ ಹಾಕಿ ಮನೆ ಮುಟ್ಟಬಹುದು. ಎತ್ತರದ ರಿಮ್ಮಿಗೆ ಗಿಡ್ಡ ವಾಲ್ವ್ ಮಾತ್ರ ಸಾಲುವುದಿಲ್ಲ. ಆಗ ಅವರದೇ ಟ್ಯೂಬಿಗೆ ಪ್ಯಾಚ್ ಹಾಕಬೇಕು. ತೂತಿನ ಸುತ್ತ ಉಜ್ಜಿ, ಸಲ್ಯೂಷನ್ ಸವರಿ, ಅದು ಒಣಗುವವರೆಗೆ ಕಾದು, ಆಮೇಲೆ ಪ್ಯಾಚ್ ಒತ್ತಬೇಕು. ಹಸಿಯಿರುವಾಗಲೇ ಒತ್ತುವುದರಿಂದಲೇ ಹೆಚ್ಚಿನ ಪ್ಯಾಚುಗಳು ಏಳುತ್ತವೆ.

ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ ಒಳಗಿಡಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಿ, ಹೆಬ್ಬೆರಳಿನಿಂದಲೇ. ಕೊನೆಯ ನಾಲ್ಕು ಬೆರಳಗಲಕ್ಕೆ ಲಿವರು ಬಳಸಿದರೆ ಹೊಸ ಟ್ಯೂಬು ಚಿವುಟಿ ಹರಿಯುವುದುಂಟು. ಸುತ್ತಲೂ ಅಂಚು ಅಗಲಿಸಿ, ಟ್ಯೂಬ್ ಎಲ್ಲಿಯೂ ಸಿಕ್ಕಿಲ್ಲವೆಂದು ನೋಡಿ ಗಾಳಿ ಹೊಡೆಯಿರಿ. ಕೈಪಂಪಿನಲ್ಲಿ ಇನ್ನೂರು ಮುನ್ನೂರು ಸಲ ಒತ್ತಬೇಕಾದೀತು, ಸರದಿಯ ಮೇಲೆ ಹೊಡೆಯಿರಿ. 28 ಮಿಲಿಮೀಟರಿನ ಟೈರಿಗೆ 60 ಪಿಎಸ್‌ಐ ಒತ್ತಡ ಸೇರಿದರೂ ಗುಂಡಿ ತಪ್ಪಿಸಿಕೊಂಡು ಮನೆಗೆ ಹೋಗಬಹುದು. ಗಾಳಿ ತುಂಬುವ 16 ಗ್ರಾಮಿನ ಪುಟ್ಟ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬಳಸಿದರೆ ಬರಿಗೈಯಲ್ಲಿ ಹಿಡಿಯಬೇಡಿ, ಹಿಮಗಟ್ಟಿ ಚರ್ಮ ಸುಡುತ್ತದೆ. ಆ ಅನಿಲ ಟ್ಯೂಬಿನಿಂದ ಬೇಗ ಸೋರುತ್ತದೆ. ಮಾರನೆಯ ದಿನ ಮಾಮೂಲಿ ಗಾಳಿ ತುಂಬಲು ಹೇಳಿ.

ಚೈನು, ಗೇರು, ಸ್ಪೋಕು

ಚೈನು ಕಡಿದರೆ ಹಾಳಾದ ಕೊಂಡಿಯನ್ನು ತೆಗೆದು, ಗೇರಿನ ಸಂಖ್ಯೆಗೆ ಹೊಂದುವ ಕ್ವಿಕ್ ಲಿಂಕ್ ಹಾಕಿ. ಚೈನು ಗಿಡ್ಡವಾಗಿರುವುದರಿಂದ ಮುಂದಿನ ದೊಡ್ಡದು ಮತ್ತು ಹಿಂದಿನ ದೊಡ್ಡದು ಎರಡನ್ನೂ ಒಟ್ಟಿಗೆ ಬಳಸಬಾರದೆಂದು ತಿಳಿಸಿ.

ಬಿದ್ದ ಸೈಕಲ್ಲಿನ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಒಳಕ್ಕೆ ಬಾಗಿದೆಯೇ ಎಂದು ಹಿಂದಿನಿಂದ ನೋಡಿ. ಬಾಗಿದ್ದರೆ ದೊಡ್ಡ ಹಲ್ಲುಚಕ್ರಕ್ಕೆ ಏರಿಸಿದ ಕ್ಷಣವೇ ಅದು ಸ್ಪೋಕಿನೊಳಗೆ ಹೋಗಿ ಚಕ್ರವನ್ನೇ ಕಿತ್ತುಹಾಕುತ್ತದೆ. ಎರಡು ಮೂರು ಮಧ್ಯದ ಗೇರುಗಳಲ್ಲೇ ಹೋಗಲಿ. ಗೇರಿನ ಕೇಬಲ್ ತುಂಡಾದರೆ ಚೈನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಬಿದ್ದು ತುಳಿಯುವುದು ಕಷ್ಟವಾಗುತ್ತದೆ. ಡಿರೇಲರಿನಲ್ಲಿ ಎಚ್ ಎಂದು ಗುರುತಿಸಿದ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಒಂದೆರಡು ಹಲ್ಲುಚಕ್ರದಷ್ಟು ಹಗುರ ಸಿಗುತ್ತದೆ.

ಸ್ಪೋಕ್ ಮುರಿದರೆ ಅದನ್ನು ಪಕ್ಕದ ಸ್ಪೋಕಿಗೆ ಸುತ್ತಿ ಟ್ಯಾಗಿನಿಂದ ಬಿಗಿಯಿರಿ. ಚಕ್ರ ಬ್ರೇಕಿಗೆ ಉಜ್ಜುತ್ತಿದ್ದರೆ ಬ್ರೇಕ್ ಸಡಿಲಿಸಿ, ಆದರೆ ಹಾಗೆ ಸಡಿಲಿಸಿದವರನ್ನು ನಂದಿಬೆಟ್ಟದ ಇಳಿಜಾರಿಗೆ ಬಿಡಬೇಡಿ. 1478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಅರೆಬರೆ ಬ್ರೇಕಿನಲ್ಲಿ ಇಳಿಯುವುದಕ್ಕಿಂತ ತಳ್ಳಿಕೊಂಡು ಇಳಿಯುವುದು ಸಾವಿರ ಪಾಲು ಮೇಲು. ಪೆಡಲು ಸಡಿಲವಾಗಿದ್ದರೆ ನೆನಪಿರಲಿ, ಎಡಗಡೆಯದರ ತಿರುಪು ಉಲ್ಟಾ ಇರುತ್ತದೆ. ಮಾಮೂಲಿಯಂತೆ ತಿರುಗಿಸಿದರೆ ಬಿಗಿಯಾಗುವ ಬದಲು ಕಳಚುತ್ತದೆ.

ಶಾಲೆಯ ಸೈಕಲ್, ಹಾಲಿನ ಸೈಕಲ್

ಸಹಸವಾರ ಎಂದರೆ ಹೆಲ್ಮೆಟ್ ತೊಟ್ಟವರು ಮಾತ್ರವಲ್ಲ. 2006-07ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಯೋಜನೆಯಿಂದ ಎಂಟನೆಯ ತರಗತಿಯ ಎಷ್ಟು ಮಕ್ಕಳು ಸೈಕಲ್ ಹತ್ತಿದ್ದಾರೆ! ಚೈನು ಬಿದ್ದು, ಕೈಯೆಲ್ಲ ಗ್ರೀಸಾಗಿ, ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದರೆ ಅವಳ ಗಂಟೆ ನಮ್ಮ ಗಂಟೆಗಿಂತ ಮುಖ್ಯ. "ಏನಮ್ಮಾ, ಚೈನು ಬಿತ್ತಾ?" ಎಂದು ಕೇಳಿ, ಹಿಂದಿನ ಹಲ್ಲುಚಕ್ರದ ಮೇಲೆ ಚೈನು ಕೂರಿಸಿ, ಮುಂದಿನದರ ಕೆಳಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಏರುತ್ತದೆ. ಮುಂದಿನ ಸಲ ಅವಳೇ ಮಾಡುವಂತೆ ತೋರಿಸಿ ಕೊಡಿ. ಪದೇ ಪದೇ ಬೀಳುತ್ತಿದ್ದರೆ ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆ ಎಳೆದು ಮತ್ತೆ ಬಿಗಿಯಬೇಕು. ಅದಕ್ಕೆ ಬೇಕಾದ ದೊಡ್ಡ ಸ್ಪ್ಯಾನರು ನಮ್ಮ ಚೀಲದಲ್ಲಿ ಇರುವುದಿಲ್ಲ, ಹತ್ತಿರದ ಅಂಗಡಿಯಲ್ಲಿ ಕೇಳಿ ತರಬೇಕು.

ಹಳೆಯ ಮಾದರಿಯ ಡನ್‌ಲಪ್ ವಾಲ್ವಿನಲ್ಲಿ ಗಾಳಿ ನಿಲ್ಲದಿದ್ದರೆ ಎಲ್ಲ ಸಲವೂ ಪಂಕ್ಚರ್ ಅಲ್ಲ. ಒಳಗಿನ ಪುಟ್ಟ ರಬ್ಬರ್ ಕೊಳವೆ ಒಣಗಿ ಸೀಳಿರುತ್ತದೆ. ಅದರ ಒಂದು ತುಂಡನ್ನು ಚೀಲದ ಮೂಲೆಯಲ್ಲಿ ಇಟ್ಟುಕೊಳ್ಳಿ. ನನಗಾಗಿ ನಿಂತ ಹಿರಿಯರನ್ನು ನೆನೆದು ನಾನು ಇಟ್ಟುಕೊಂಡಿದ್ದೇನೆ.

ರಿಪೇರಿ ಸಾಧ್ಯವಾಗದಿದ್ದರೆ

ಅರ್ಧ ಗಂಟೆ ಪ್ರಯತ್ನಿಸಿಯೂ ಆಗದಿದ್ದರೆ ನೇರವಾಗಿ ಹೇಳಿಬಿಡಿ. ಹತ್ತಿರದ ಪಂಕ್ಚರ್ ಅಂಗಡಿಗೆ ಜೊತೆಯಲ್ಲಿ ನಡೆದುಹೋಗಬಹುದು. ಅಲ್ಲಿ ಟ್ಯೂಬಿಗೆ ಬಿಸಿ ಪ್ಯಾಚ್ ಹಾಕಿಸಬೇಡಿ, ರೋಡ್ ಬೈಕಿನ ತೆಳು ಟ್ಯೂಬ್ ಬೆಂದುಹೋಗುತ್ತದೆ. ಸಲ್ಯೂಷನ್ ಹಾಕಿ ತಣ್ಣನೆ ಪ್ಯಾಚ್ ಕೇಳಿ. ಇಲ್ಲವಾದರೆ ತರಕಾರಿ ಇಳಿಸಿ ಮರಳುವ ಲಗೇಜ್ ಆಟೋಗಳಿರುತ್ತವೆ. ಸೈಕಲ್ಲನ್ನು ಡಿರೇಲರ್ ಇರುವ ಬದಿ ಮೇಲಾಗುವಂತೆ ಮಲಗಿಸಿ ಕಟ್ಟಿ. ಬಾಡಿಗೆಯನ್ನು ಮೊದಲೇ ಮಾತಾಡಿಸಿ, ಗಾಡಿಯ ಸಂಖ್ಯೆಯ ಚಿತ್ರ ತೆಗೆದು ಸವಾರರು ತಮ್ಮ ಮನೆಯವರಿಗೆ ತಮ್ಮ ಮೊಬೈಲಿನಿಂದಲೇ ಕಳುಹಿಸಲಿ. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಸಿಗದ ಕಡೆ, ಅವರ ಮನೆಯವರ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು ಮುಂದಿನ ಊರಿನಿಂದ ಕರೆ ಮಾಡುವುದು ನಿಮ್ಮ ಪಾಲಿಗೆ ಬರುತ್ತದೆ.

ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರಿಗೆ ಒಂದು ಸಂದೇಹ ಇರುತ್ತದೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ ನಲವತ್ತು ಗಂಟೆ ಎಂಬ ಗಡುವಿನ ನಡುವೆ ನಿಲ್ಲಬಹುದೇ, ನಿಯಮ ಮುರಿದಂತಾಗುವುದಿಲ್ಲವೇ? ದಾರಿಯಲ್ಲಿ ಬೆಂಬಲದ ವಾಹನಕ್ಕೆ ಅಲ್ಲಿ ನಿಷೇಧ, ಸವಾರರು ಒಬ್ಬರಿಗೊಬ್ಬರು ನೆರವಾಗುವುದಕ್ಕಲ್ಲ. ಹಿಂದಿನ ಕಾಲದ ರೇಸುಗಳಲ್ಲಿ ಇಷ್ಟು ಸಡಿಲವೂ ಇರಲಿಲ್ಲ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರರ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕು ಪಿರಿನೀಸ್ ಬೆಟ್ಟಗಳಲ್ಲಿ ಮುರಿಯಿತು. ಸೈಕಲ್ ಹೊತ್ತು ನಡೆದು, ಹಳ್ಳಿಯ ಕುಲುಮೆಯೊಂದರಲ್ಲಿ ತಾವೇ ಅದನ್ನು ಬೆಸೆದರು. ಆದರೂ ಅವರಿಗೆ ದಂಡ ಬಿತ್ತು. ತಿದಿ ಒತ್ತಿದವನು ಒಬ್ಬ ಹುಡುಗ, ಅದು ಹೊರಗಿನ ನೆರವು ಎಂಬುದು ಕಾರಣ! ಆ ಹುಡುಗನದು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಹೊರಡುವಾಗ, ಮನೆ ಸೇರಿದ ಮೇಲೆ

ಕೆಲಸ ಮುಗಿದ ಕೂಡಲೇ ಹೊರಟುಬಿಡಬೇಡಿ. ಚಕ್ರ ನೇರ ಕೂತಿದೆಯೇ, ಬ್ರೇಕ್ ಮತ್ತೆ ಬಿಗಿಯಾಗಿದೆಯೇ ನೋಡಿ, ಅವರು ನೂರು ಮೀಟರ್ ಹೋಗಿ ಕೈ ಎತ್ತುವವರೆಗೆ ನಿಲ್ಲಿ. ಹಳೆಯ ಟ್ಯೂಬು, ಖಾಲಿ ಸಿಲಿಂಡರು ರಸ್ತೆಬದಿಯಲ್ಲಿ ಉಳಿಯದಿರಲಿ. ಟ್ಯೂಬಿನ ಹಣ ಕೊಡಲು ಬಂದರೆ ನಾನು ತೆಗೆದುಕೊಳ್ಳುವುದಿಲ್ಲ. ಇದೇ ರಸ್ತೆಯಲ್ಲಿ ನಿಂತ ಇನ್ನೊಬ್ಬರಿಗೆ ಒಂದು ಟ್ಯೂಬ್ ಕೊಡಿ ಎನ್ನುತ್ತೇನೆ. ಹಣ ಕೊಟ್ಟೇ ತೀರುತ್ತೇನೆಂದು ಪಟ್ಟು ಹಿಡಿಯುವವರಿಂದ ತೆಗೆದುಕೊಳ್ಳುವುದೂ ಮರ್ಯಾದೆಯೇ.

ಮನೆಗೆ ಬಂದ ದಿನವೇ ಕೊಟ್ಟ ಟ್ಯೂಬಿನ ಜಾಗಕ್ಕೆ ಇನ್ನೊಂದನ್ನು ಇಡಿ. ಒಮ್ಮೆ ಮುಚ್ಚಳ ತೆಗೆದ ಸಲ್ಯೂಷನ್ ಕೆಲವೇ ವಾರಗಳಲ್ಲಿ ಕೊಳವೆಯೊಳಗೇ ಗಟ್ಟಿಯಾಗುತ್ತದೆ. ಅದನ್ನು ಒತ್ತಿ ನೋಡಿ, ಪಂಪಿನ ಬಾಯನ್ನೂ ಒಮ್ಮೆ ಪರೀಕ್ಷಿಸಿ.